ಅಂಚಿನ ಮರದ ಕೂಗು

ಚನ್ನಮಲ್ಲಪ್ಪನಿಗೆ ನೆಲದ ಮೇಲೆ ಬೇಕಾದಷ್ಟು ಸ್ನೇಹಿತರಿದ್ದರು. ಮರದ ಮೇಲೆ ಇದ್ದವನು ಒಬ್ಬನೇ, ಬೋಜಪ್ಪ. ನಗಬೇಡಿ, ಹೇಳುವುದನ್ನು ಪೂರ್ತಿ ಕೇಳಿ.

ಸೋಮವಾರಪೇಟೆಯಿಂದ ಒಳಗೆ, ಬಸ್ಸು ಉಸ್ಸಪ್ಪಾ ಎನ್ನುತ್ತ ಹತ್ತುವ ಏರಿನ ಆಚೆ, ಹಳ್ಳದ ಈ ದಡದ ತೋಟ ಚನ್ನಮಲ್ಲಪ್ಪನದು, ಆ ದಡದ್ದು ಬೋಜಪ್ಪನದು. ಕಾಫಿ ಹೂ ಅರಳಲು ಬೇಕಾದ ಹಳ್ಳದ ನೀರನ್ನು ಯಾರು ಮೊದಲು ಎತ್ತಬೇಕು ಅಂತ ಇಬ್ಬರ ಅಪ್ಪಂದಿರೂ ಒಂದು ಬೇಸಿಗೆಯಲ್ಲಿ ಜಗಳವಾಡಿದ್ದರು. ಪಂಪ್‌ಸೆಟ್ಟಿನ ಪೈಪು ಕತ್ತರಿಸಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಪ್ಪಂದಿರು ಸತ್ತರು, ಪಂಪ್‌ಸೆಟ್ಟು ತುಕ್ಕು ಹಿಡಿಯಿತು, ಮುನಿಸು ಮಾತ್ರ ಹಾಗೇ ಉಳಿಯಿತು. ಮದುವೆಗೆ ಕರೆಯುವುದಿಲ್ಲ, ಸಾವಿಗೆ ಹೋಗುವುದಿಲ್ಲ. ಸೋಮವಾರದ ಸಂತೆಯಲ್ಲಿ ಎದುರಾದರೆ ಒಬ್ಬ ಟೊಮೆಟೊ ನೋಡುತ್ತಾನೆ, ಇನ್ನೊಬ್ಬ ಆಕಾಶ ನೋಡುತ್ತಾನೆ.

ಕಾಳುಮೆಣಸಿನ ಕೊಯ್ಲು ಬಂದಾಗ ಮಾತ್ರ ಕಥೆಯೇ ಬೇರೆ. ಒಂದು ಕೊಯ್ಲಿನಲ್ಲಿ, ಚನ್ನಮಲ್ಲಪ್ಪನಿಗೆ ಆಗ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಒಂಟಿ ಬಿದಿರಿನ ಏಣಿ ಆನಿಸಿಕೊಂಡು ಮೆಣಸಿನ ಬಳ್ಳಿ ಹಬ್ಬಿದ್ದ, ತೋಟದ ಅಂಚಿನ ಸಿಲ್ವರ್ ಮರ ಹತ್ತುತ್ತಿದ್ದ. ಅರ್ಧ ಹತ್ತಿದ್ದನೋ ಇಲ್ಲವೋ, ಹಳ್ಳದ ಆಚೆಯ ಮರದ ತುದಿಯಿಂದ ಯಾರೋ ಗಂಟಲು ಹರಿಯುವಂತೆ ಕಿರುಚಿದರು. "ಏಯ್! ಹತ್ತಬೇಡ್ವೋ! ಮೇಲೆ ಹೆಜ್ಜೇನು ಅದೆ!" ಇವನು ಸರ್ರನೆ ಇಳಿದು ಓಡಿದ. ಬದುಕಿಕೊಂಡ. ಮಾರನೇ ದಿನ ಪಕ್ಕದ ಮರ ಹತ್ತಿ, ಆ ಕಡೆ ತಿರುಗಿ, ಏನು ಹೇಳಬೇಕೆಂದು ತಿಳಿಯದೆ, "ಕೂ" ಅಂತ ಒಂದು ಕೂಗು ಹಾಕಿದ. ಆ ಕಡೆಯಿಂದಲೂ "ಕೂ" ಅಂತ ಬಂತು.

ಅಲ್ಲಿಂದ ಶುರು. ಪ್ರತಿ ವರ್ಷ ಮೆಣಸು ಹಣ್ಣಾಗುವ ಹೊತ್ತಿಗೆ ಇಬ್ಬರೂ ಮರ ಹತ್ತುತ್ತಿದ್ದರು, ಕೂಗುತ್ತಿದ್ದರು, ಆಮೇಲೆ ಒಂದೆರಡು ಮಾತು. "ಹೆಣ್ಣು ಮಗು ಆಯ್ತು ಕಣೋ!" ಅಂತ ಚನ್ನಮಲ್ಲಪ್ಪ ಕೂಗಿ ಹೇಳಿದ್ದು ಆ ಅಂಚಿನ ಮರದಿಂದಲೇ. "ಅವ್ವ ಹೋದ್ಲು ಮಲ್ಲಪ್ಪಾ" ಅಂತ ಬೋಜಪ್ಪ ಹೇಳಿದ್ದೂ ಹಾಗೇ. ಅವತ್ತು ಇಬ್ಬರೂ ತುಂಬಾ ಹೊತ್ತು ಮೆಣಸಿಗೆ ಕೈ ಹಾಕದೆ ತಂತಮ್ಮ ಮರದಲ್ಲಿ ಸುಮ್ಮನೆ ನಿಂತಿದ್ದರು. ಕೆಳಗೆ ಮಾತಾಡಿದ್ದರೆ "ನೀವು ತಾವು" ಎನ್ನುವಷ್ಟು ದೂರ, ಮೇಲೆ ಹತ್ತಿದರೆ "ಏನೋ" ಎನ್ನುವಷ್ಟು ಹತ್ತಿರ. ಈ ಕೂಗಾಟವನ್ನು ಇಡೀ ಊರು ಕೇಳಿರಲೇಬೇಕು. ಕೇಳಿದ್ದೇವೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ, ಅದು ನಮ್ಮೂರಿನ ದೊಡ್ಡತನ ಅನ್ನಿ.

ಆರು ವರ್ಷದ ಹಿಂದೆ ಚನ್ನಮಲ್ಲಪ್ಪನ ಒಂಟಿ ಏಣಿ ಜಾರಿತು. ಬೆಳಗಿನ ಇಬ್ಬನಿ, ಬಿದಿರು ನುಣ್ಣಗೆ, ತುದಿಗೆ ಹಗ್ಗ ಕಟ್ಟದೆ ಹತ್ತಿದ್ದ. ಕಟ್ಟಿದರೆ ಗಂಡಸುತನಕ್ಕೆ ಕಡಿಮೆಯಾಗುತ್ತದಲ್ಲ! ಸೊಂಟದ ಮೂಳೆ ಮುರಿದು, ಮಡಿಕೇರಿಯ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಮಲಗಿದ್ದಾಗ ಒಂದು ಮಧ್ಯಾಹ್ನ ನರ್ಸಮ್ಮ ಒಂದು ಕೈಚೀಲ ತುಂಬ ಕಿತ್ತಳೆ ತಂದಿಟ್ಟಳು. ಯಾರೋ ಒಬ್ಬರು ಕೊಟ್ಟು ಹೋದರು, ಹೆಸರು ಕೇಳಿದರೆ ಹೇಳಲಿಲ್ಲ ಎಂದಳು. ಸಿಪ್ಪೆ ಸಡಿಲವಾದ, ಮೂಗಿಗೆ ರಪ್ಪನೆ ಬಡಿಯುವ ವಾಸನೆಯ ನಾಡ ಕಿತ್ತಳೆ. ನಮ್ಮ ಕಡೆ ಆ ಹಣ್ಣಿನ ಗಿಡ ಉಳಿದಿರುವುದು ಒಂದೇ ತೋಟದಲ್ಲಿ, ಹಳ್ಳದ ಆಚೆ. ಚನ್ನಮಲ್ಲಪ್ಪ ಹಣ್ಣೆಲ್ಲ ತಿಂದ, ಸಿಪ್ಪೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ.

ಆಮೇಲೆ ಅವನು ಮರ ಹತ್ತಲಿಲ್ಲ. ವಿಮಲಮ್ಮ, ಅವನ ಹೆಂಡತಿ, ಹತ್ತಗೊಡಲಿಲ್ಲ. "ಇನ್ನೊಂದ್ ಸಲ ಏಣಿ ಮುಟ್ಟಿದ್ರೆ ನಾನು ತವರಿಗೆ ಹೋಗ್ತೀನಿ" ಅಂದಳು. ತವರು ಇರುವುದು ಎರಡು ಮನೆ ಆಚೆಗೆ, ಆದರೂ ಅವನು ಹೆದರಿದ.

ಆ ಕಡೆಯಿಂದ ಮಾತ್ರ ಪ್ರತಿ ವರ್ಷ ಕೂಗು ಬರುತ್ತಿತ್ತು. ಚನ್ನಮಲ್ಲಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಕೆಳಗಿನಿಂದಲೇ "ಕೂ" ಎನ್ನುತ್ತಿದ್ದ. ಏನು ಪ್ರಯೋಜನ? ಎದುರಿಗೆ ದಿಬ್ಬ, ದಿಬ್ಬದ ತುಂಬ ಕಾಫಿ, ಹಳ್ಳದ ಗುಂಟ ಬಿದಿರು. ನೆಲದ ಮೇಲಿನವನ ದನಿ ದಿಬ್ಬ ದಾಟುತ್ತಿರಲಿಲ್ಲ. ಬೋಜಪ್ಪ ಸ್ವಲ್ಪ ಹೊತ್ತು ಕಾದು ಮತ್ತೊಮ್ಮೆ ಕೂಗುತ್ತಿದ್ದ, ಆಮೇಲೆ ಸುಮ್ಮನಾಗುತ್ತಿದ್ದ. ಆ ಎರಡನೇ ಕೂಗಿನ ನಂತರದ ಸದ್ದಿಲ್ಲದ ಹೊತ್ತು ಚನ್ನಮಲ್ಲಪ್ಪನಿಗೆ ಸೊಂಟದ ರಾಡಿಗಿಂತ ಹೆಚ್ಚು ನೋಯುತ್ತಿತ್ತು.

ಹೋಗಿ ಮಾತಾಡಿಸಬಾರದಿತ್ತೇ ಅಂತ ನೀವು ಕೇಳುತ್ತೀರಿ. ಕೇಳುವುದು ಸುಲಭ ಸ್ವಾಮಿ. ಹಳ್ಳ ದಾಟಿ ಆ ಮನೆಯ ಅಂಗಳದಲ್ಲಿ ನಿಂತು ಏನು ಹೇಳುವುದು? ನಾನು ಕೂಗೋಕೆ ಬಂದೆ ಅನ್ನುವುದೇ? ಎಷ್ಟೋ ಸಲ ಅವನು ಹಳ್ಳದ ತನಕ ಹೋಗಿ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಮತ್ತೆ ಹಾಕಿಕೊಂಡು ವಾಪಸು ಬಂದಿದ್ದ.

ಈ ವರ್ಷ ಬೋಜಪ್ಪ ಒಂದೇ ಸಲ ಕೂಗುತ್ತಿದ್ದ. ಕಾಯುತ್ತಲೇ ಇರಲಿಲ್ಲ. ಕೆಲಸಕ್ಕೆ ಬರುವ ಸೋಮಿ ಎರಡೂ ತೋಟಕ್ಕೆ ಹೋಗುವವಳು, ಅವಳೇ ಸುದ್ದಿ ತಂದಳು. "ಆ ಬೋಜಪ್ಪ ಮುಂದಿನ ವರ್ಸದಿಂದ ಮೆಣಸು ಗುತ್ತಿಗೆ ಕೊಡ್ತಾರಂತೆ ಅಣ್ಣ. ವಯಸ್ಸಾಯ್ತು, ಇನ್ನು ಮರ ಹತ್ತಾಕಿಲ್ಲ ಅಂದ್ರು." ಚನ್ನಮಲ್ಲಪ್ಪ ಹೂಂ ಅಂದ. ಅವತ್ತು ಅವನಿಗೆ ಊಟ ಸೇರಲಿಲ್ಲ. ಇದೇ ಕೊನೆಯ ಕೊಯ್ಲು. ಇದೊಂದು ಹೋದರೆ ಆ ಕೂಗಿಗೆ ತಾನು ಉತ್ತರ ಕೊಡುವುದು ಇನ್ನು ಯಾವ ಜನ್ಮಕ್ಕೆ?

ಇಂಥ ಹೊತ್ತಿನಲ್ಲಿ ಮಗಳು ವಿನುತಾ ಹೊಸ ಏಣಿ ತಂದಿದ್ದಳು. ತೋಟ ಈಗ ನೋಡಿಕೊಳ್ಳುವವಳು ಅವಳೇ. ಅಲ್ಯೂಮಿನಿಯಂ ಏಣಿ, ಮಡಚಿದರೆ ಕಂಕುಳಲ್ಲಿ ಹಿಡಿದು ಹೋಗಬಹುದು, ಒಂದರೊಳಗಿಂದ ಒಂದು ಎಳೆದರೆ ಮೂರಾಳು ಎತ್ತರ. ವಿನುತಾ ಇಡೀ ಮನೆಗೇ ಪಾಠ ಮಾಡಿದಳು. "ಅಪ್ಪಾಜಿ, ಕಿವಿ ಕೊಟ್ಟು ಕೇಳಿ. ಒಂದೊಂದು ಮೆಟ್ಟಿಲು ಎಳೆದಾಗಲೂ ಒಳಗಿನ ಪಿನ್ನು ತೂತಿಗೆ ಕೂತು ಎಡಕ್ಕೂ ಟಕ್ ಅನ್ಬೇಕು, ಬಲಕ್ಕೂ ಟಕ್ ಅನ್ಬೇಕು. ಒಂದೇ ಕಡೆ ಅಂದ್ರೆ ಹತ್ತೋ ಮಾತೇ ಇಲ್ಲ, ಇಳಿಸಿಬಿಡ್ಬೇಕು. ನೋಡೋಕೆ ನೆಟ್ಟಗೇ ಇರ್ತದೆ, ಭಾರ ಬಿದ್ದಾಗ ಕುಸೀತದೆ." ಬುಡ ತರಗೆಲೆಯ ಮೇಲಲ್ಲ, ಗಟ್ಟಿ ನೆಲದ ಮೇಲೆ. ಮರಕ್ಕೆ ಅಂಟಿಸಿದಂತೆ ನೆಟ್ಟಗೂ ಬೇಡ, ತೀರಾ ವಾಲಿಸುವುದೂ ಬೇಡ. ತುದಿಗೆ ಹಗ್ಗ. ಕರೆಂಟ್ ತಂತಿ ಇರುವ ಸಾಲಿನ ಕಡೆ ತಲೆ ಹಾಕುವುದೇ ಬೇಡ. ಸೋಮಿ ಮೊದಲ ದಿನವೇ ಮೆಟ್ಟಿಲ ನಡುವೆ ಬೆರಳಿಟ್ಟುಕೊಂಡು ಇಳಿಸಿ, ಉಗುರು ಕಪ್ಪಾಗಿಸಿಕೊಂಡು, ಏಣಿಯ ವಂಶವನ್ನೆಲ್ಲ ಬೈದಳು.

ವಿನುತಾ ಹತ್ತುವಳು, ಚನ್ನಮಲ್ಲಪ್ಪ ಬುಡ ಹಿಡಿಯುವನು. ಟಕ್ ಟಕ್ ಕೇಳುವ ಕೆಲಸ ಅವನದು. ಮಗಳ ಹಿಮ್ಮಡಿ ಮೇಲೆ ಮೇಲೆ ಹೋಗುವುದನ್ನು ನೋಡುತ್ತ, ಅಲ್ಲಿ ಮೇಲೆ ಈಗ ಗಾಳಿ ಹೇಗೆ ಬೀಸುತ್ತಿರಬಹುದು, ಹಳ್ಳದ ಆಚೆಯ ಮರ ಕಾಣುತ್ತಿರಬಹುದಲ್ಲ ಅಂದುಕೊಳ್ಳುವನು. ಅವಳನ್ನೇ ಕೂಗು ಅನ್ನಬಹುದಿತ್ತು. ಆದರೆ ಬೋಜಪ್ಪ ಕಾಯುತ್ತಿದ್ದುದು ಅವಳ ದನಿಗಲ್ಲ.

"ಒಂದೇ ಒಂದು ಸಲ ಕಣೇ" ಅಂತ ಅವನು ವಿಮಲಮ್ಮನ ಹಿಂದೆ ಬಿದ್ದ. ಹಿತ್ತಲಿಗೆ ಹೋದರೆ ಹಿತ್ತಲಿಗೆ, ಒಲೆ ಮುಂದೆ ಕೂತರೆ ಒಲೆ ಮುಂದೆ. "ಅಂಚಿನ ಮರ, ಅದೂ ಅರ್ಧ. ಹಗ್ಗ ಕಟ್ತೀನಿ. ನೀನು ಬುಡ ಹಿಡ್ಕೋ."

"ನಿಮ್ಗೆ ಬುದ್ಧಿ ಯಾವಾಗ ಬರ್ತದೆ?" ಅಂತ ಅವಳು ಸೌಟು ತೋರಿಸಿದಳು. ನಾಲ್ಕು ದಿನ ಹೀಗೇ ನಡೆಯಿತು. ಶಿವರಾತ್ರಿಯ ಸಂಜೆ ಪೂಜೆ ಮುಗಿಸಿ ಹೊರಬಂದವಳು, ಜಗುಲಿಯ ಕಂಬಕ್ಕೆ ಒರಗಿ ಹಳ್ಳದ ಕಡೆ ನೋಡುತ್ತಿದ್ದ ಗಂಡನನ್ನು ಸ್ವಲ್ಪ ಹೊತ್ತು ನೋಡಿದಳು. "ಸೋಮವಾರ ಹತ್ತಿ" ಅಂದಳು. "ಒಂದೇ ಸಲ." ವಿನುತಾಳನ್ನು ಕೇಳಿದರೆ, "ಅಮ್ಮ ಒಪ್ಪಿದ ಮೇಲೆ ನಂದೇನು? ಟಕ್ ಮಾತ್ರ ಮರೀಬೇಡಿ ಅಪ್ಪಾಜಿ" ಎಂದಳು.

ಆ ಸಂಜೆಯೇ ವಿಮಲಮ್ಮ ಅಂಗಳದಲ್ಲಿ ಏಣಿಯನ್ನು ಉದ್ದಕ್ಕೆ ಎಳೆಸಿ ಮಲಗಿಸಿದಳು. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಮೂರು ಬೆರಳಿನಿಂದ ಒಂದೊಂದು ಸಂದಿಗೂ ಧಾರಾಳವಾಗಿ ಬಳಿದಳು. ತುಟಿ ಅಲುಗುತ್ತಿತ್ತು. ನಮ್ಮ ಕಡೆ ಕತ್ತಿಗೂ ವಿಭೂತಿ, ಗುದ್ದಲಿಗೂ ವಿಭೂತಿ, ಹೊಸ ಸ್ಕೂಟರಿಗೂ ವಿಭೂತಿ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಅಷ್ಟು ನಿಧಾನವಾಗಿ ಅವಳು ಬಳಿದದ್ದನ್ನು ಚನ್ನಮಲ್ಲಪ್ಪ ಎಂದೂ ನೋಡಿರಲಿಲ್ಲ. ಒಳಗೆ ಹೋಗಿ ಏಣಿಯ ತುದಿಗೆ ಕಟ್ಟುವ ಹಗ್ಗ ಹುಡುಕಿಟ್ಟ.

ಸೋಮವಾರ ವಿನುತಾ ಸಂತೆಗೆ ಹೋದಳು. ಸಂತೆಯ ದಿನ ಆಳುಗಳೂ ಇಲ್ಲ. ಬಿಸಿಲು ಏರಿ ಇಬ್ಬನಿ ಒಣಗುವ ತನಕ ವಿಮಲಮ್ಮ ಅವನನ್ನು ಜಗುಲಿ ಇಳಿಯಗೊಡಲಿಲ್ಲ. ಆಮೇಲೆ ಇಬ್ಬರೂ ಅಂಚಿನ ಮರದ ಬಳಿ ಬಂದರು. ಅವನು ತರಗೆಲೆ ಕೆರೆದು, ಕಾಲಿನಿಂದ ತುಳಿದು ನೋಡಿ, ನೆಲ ಗಟ್ಟಿಯಿದ್ದಲ್ಲಿ ಏಣಿ ಊರಿದ. ಮೇಲಿನ ಮೆಟ್ಟಿಲು ಎಳೆದ. ಟಕ್, ಟಕ್. ಇನ್ನೊಂದು. ಟಕ್, ಟಕ್. ಎಳೆಯುತ್ತ ಹೋದಂತೆ ಏಣಿ ಕಾಫಿಯ ಮೇಲೆ, ದಿಬ್ಬದ ಮೇಲೆ ಎದ್ದು, ಬಿಸಿಲಿಗೆ ಫಳಫಳ ಹೊಳೆಯಿತು.

ಹಳ್ಳದ ಆಚೆಯಿಂದ ಕೂಗು ಬಂತು. "ಕೂ..."

ಚನ್ನಮಲ್ಲಪ್ಪ ಬೇಗ ಬೇಗ ಕೊನೆಯ ಮೆಟ್ಟಿಲು ಎಳೆದ. ಟಕ್.

ಎಡಗಡೆ ಮಾತ್ರ. ಬಲಗಡೆ ಸದ್ದಿಲ್ಲ. ಅಲ್ಲಾಡಿಸಿದ. ಒತ್ತಿದ. ನೋಡಲು ಏಣಿ ನೆಟ್ಟಗೇ ನಿಂತಿತ್ತು. ಹೆಂಡತಿಗೆ ಏನೂ ತಿಳಿದಿರಲಿಲ್ಲ. "ಆಯ್ತೇನ್ರೀ?" ಎಂದಳು, ಎರಡೂ ಕೈಯಿಂದ ಬುಡ ಹಿಡಿದುಕೊಂಡು.

"ಕೂ..." ಮತ್ತೆ ಬಂತು. ಈ ವರ್ಷ ಮೊದಲ ಸಲ ಎರಡನೇ ಕೂಗು! ಬೋಜಪ್ಪನಿಗೆ ಕಂಡಿದೆ. ಏಣಿ ಹೊಳೆದದ್ದು ಕಂಡಿದೆ, ಅದಕ್ಕೇ ಕಾಯುತ್ತಿದ್ದಾನೆ. ಚನ್ನಮಲ್ಲಪ್ಪನ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಹತ್ತು ಮೆಟ್ಟಿಲು ಹತ್ತಿದರೆ ಸಾಕು, ದಿಬ್ಬ ಕೆಳಗಾಗುತ್ತದೆ, ಒಂದೇ ಒಂದು ಕೂಗು. ಒಂದು ಕಡೆ ಹಿಡಿದಿದೆಯಲ್ಲ, ಅಷ್ಟು ಹೊತ್ತು ತಡೆಯುವುದಿಲ್ಲವೇ? ಅಯ್ಯೋ ಶಿವನೇ, ಇವತ್ತೇ ಆಗಬೇಕೇ?

ಆಗ ಅವನಿಗೆ ಆ ಸಂದಿ ಕಾಣಿಸಿತು. ಪಿನ್ನು ಹೊರಬರುವ ತೂತಿನ ತುಂಬ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು, ಅವಳ ವಿಭೂತಿ.

ಕಾಲು ಮೆಟ್ಟಿಲ ಮೇಲೇ ನಿಂತಿತು. ಬಿದ್ದರೆ ತನ್ನ ಸೊಂಟ ಹೋದೀತು, ಜೀವ ಹೋದೀತು, ಅದು ಒಂದು. ಆದರೆ ತಾನು ಕಾಪಾಡಲೆಂದು ಬಳಿದದ್ದೇ ಗಂಡನನ್ನು ಕೆಡವಿತು ಅಂತ ಇವಳಿಗೆ ಗೊತ್ತಾದರೆ? ಈಗ ಬಾಯಿಬಿಟ್ಟು ಹೇಳಿದರೂ ಅಷ್ಟೇ, ದೇವರೇ ಬೇಡ ಅಂದ ಅಂತ ಏಣಿಯನ್ನು ಅಟ್ಟಕ್ಕೆ ಸೇರಿಸುತ್ತಾಳೆ. ಅವನು ಕಾಲನ್ನು ಕೆಳಗಿಟ್ಟ. ಅಷ್ಟು ಭಾರದ ಕಾಲನ್ನು ಅವನು ಆಪರೇಷನ್ ಆದ ಮರುದಿನವೂ ಎತ್ತಿ ಇಟ್ಟಿರಲಿಲ್ಲ.

"ಕಾಲು ಯಾಕೋ ಹಿಡೀತಾ ಅದೆ ಕಣೇ. ಇವತ್ತು ಬೇಡ" ಅಂದ. ಮೆಟ್ಟಿಲು ಬಿಡಿಸುವ ಗುಂಡಿ ಒತ್ತಿ, ಬೆರಳು ಸಿಗದಂತೆ ಪಕ್ಕದ ಕಂಬಿ ಹಿಡಿದು, ಏಣಿ ಇಳಿಸತೊಡಗಿದ. ಸರಸರ ಕೆಳಗಿಳಿದು ಅದು ಕಂಕುಳಲ್ಲಿ ಹಿಡಿಯುವಷ್ಟಾಯಿತು. ಹಳ್ಳದ ಆಚೆ ಸದ್ದಿಲ್ಲ. ಅವನು ಮರಕ್ಕೆ ಒರಗಿ ಕೂತು, ಮುಖ ಆಚೆ ತಿರುಗಿಸಿಕೊಂಡ. ಹೆಂಡತಿ ನೋಡಬಾರದು ಅಂತ ಎಷ್ಟು ಪ್ರಯತ್ನಪಟ್ಟರೂ ಹೆಗಲು ಅಲುಗುತ್ತಿತ್ತು.

ವಿಮಲಮ್ಮ ಏಣಿಯನ್ನು ನೋಡಿದಳು, ಅವನನ್ನು ನೋಡಿದಳು. ಬಗ್ಗಿ ಉಗುರಿನಿಂದ ಸಂದಿ ಕೆರೆದಳು. ಬೆರಳು ಬೆಳ್ಳಗಾಯಿತು.

"ಕಾಲು ನೋವಾ?" ಎಂದಳು. "ನನ್ ಹತ್ರ ಹೇಳ್ತೀರಾ? ನಿಮ್ ಕಾಲು ಯಾವಾಗ ನೋಯ್ತದೆ ಅಂತ ನಿಮಗಿಂತ ಮೊದ್ಲು ನಂಗೆ ಗೊತ್ತಾಗ್ತದೆ. ಇದು ನಾನು ಬಳಿದಿದ್ದು. ಅದಕ್ಕೇ ಟಕ್ ಅನ್ಲಿಲ್ಲ, ಹೌದಾ?" ಆ ಬೆಳ್ಳನೆಯ ಬೆರಳನ್ನು ಅವನ ಮುಂದೆ ಹಿಡಿದಳು. "ಆ ಕೂಗಿಗೇ ನೀವು ಸಾಯ್ತಿರೋದು ಅಂತ ನಂಗೆ ಗೊತ್ತಿಲ್ವಾ? ಇಷ್ಟ್ ವರ್ಷ ಏಣಿ ಬುಡ ಹಿಡ್ಕೊಂಡಿದ್ದೋಳು ನಾನು. ಕಿವುಡಿ ಅಂದ್ಕೊಂಡ್ರಾ? ಅದಕ್ಕೇ ಅಲ್ವೇನ್ರೀ ನಾನು ಹತ್ತಿ ಅಂದಿದ್ದು!"

ಅವಳು ಸೆರಗಿನ ತುದಿಯನ್ನು ಕುಡಿಯಲು ತಂದಿದ್ದ ತಂಬಿಗೆಯ ನೀರಲ್ಲಿ ಅದ್ದಿ, ಕಣ್ಣು ಒರೆಸಿಕೊಂಡು, ಅದೇ ಸೆರಗಿನಿಂದ ಏಣಿ ಒರೆಸಲು ಕೂತಳು. ಒಂದು ಕಡ್ಡಿ ಮುರಿದು ಅವನ ಕೈಗೂ ಕೊಟ್ಟಳು. ಇಬ್ಬರೂ ತೂತುಗಳಿಂದ ವಿಭೂತಿ ಕೆರೆದು ಕೆರೆದು ತೆಗೆದರು, ಒಣಬಟ್ಟೆಯಲ್ಲಿ ಉಜ್ಜಿದರು.

"ಬಿಡು ವಿಮಲಾ" ಅಂದ ಅವನು. "ಅವನು ಇನ್ನು ಕೂಗಲ್ಲ."

ಅಷ್ಟರಲ್ಲಿ ದಿಬ್ಬದ ಕಡೆ ಕಾಫಿ ಗಿಡಗಳು ಜೋರಾಗಿ ಅಲುಗಿದವು. ಹಂದಿಯೋ ಏನೋ ಅಂತ ವಿಮಲಮ್ಮ ಎದ್ದು ನಿಂತಳು. ಹಂದಿಯಲ್ಲ. ಮೊಣಕಾಲ ತನಕ ಒದ್ದೆಯಾದ ಪ್ಯಾಂಟು, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು, ಏದುಸಿರು ಬಿಡುತ್ತ ಬೋಜಪ್ಪ ಹೊರಬಂದ. ಅಪ್ಪಂದಿರ ಕಾಲದಿಂದ ಎರಡೂ ಮನೆಯವರು ಯಾರೂ ದಾಟದ ಹಳ್ಳವನ್ನು ಅವನು ದಾಟಿದ್ದ.

"ಎಲ್ಲಿ? ಎಲ್ಲಿಗೆ ಪೆಟ್ಟಾಯ್ತು?" ಎಂದ. ಕೂತಿದ್ದವನನ್ನು ತಲೆಯಿಂದ ಕಾಲಿನ ತನಕ ನೋಡಿದ. "ಏಣಿ ಕಂಡಿತು. ಆಮೇಲೆ ಸರಕ್ಕನೆ ಕೆಳಗೆ ಹೋಯ್ತು. ನಾನು... ಮತ್ತೆ ಬಿದ್ರಿ ಅಂದ್ಕೊಂಡೆ."

"ಇಲ್ಲ" ಅಂದ ಚನ್ನಮಲ್ಲಪ್ಪ. "ಬೀಳ್ಲಿಲ್ಲ. ಇಳಿಸಿದ್ದು."

"ಓ" ಅಂದ ಬೋಜಪ್ಪ.

ಮುಗಿಯಿತು. ಮರದಿಂದ ಮರಕ್ಕೆ ಸಾವು ಹುಟ್ಟು ಎಲ್ಲ ಹೇಳಿಕೊಂಡವರು, ಮಾರು ದೂರದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಲಾರದೆ ಒದ್ದಾಡಿದರು. ಬೋಜಪ್ಪನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹತ್ತಿರದಿಂದ ನೋಡಿದರೆ ಎಡಗೆನ್ನೆಯ ಮೇಲೊಂದು ಮಚ್ಚೆ. ಇಷ್ಟು ವರ್ಷದ ಸ್ನೇಹ, ಆ ಮಚ್ಚೆ ಇರುವುದೇ ಚನ್ನಮಲ್ಲಪ್ಪನಿಗೆ ಗೊತ್ತಿರಲಿಲ್ಲ.

"ಬಿಸಿಲು ಜೋರು" ಅಂದ ಬೋಜಪ್ಪ.

"ಹೌದು. ಹೂವಿನ ಮಳೆ ಬರ್ಬೇಕು" ಅಂದ ಚನ್ನಮಲ್ಲಪ್ಪ. ಅಂದವನು ನಾಲಿಗೆ ಕಚ್ಚಿಕೊಂಡ. ಹೂವು, ನೀರು, ಅದೇ ಹಳೇ ಜಗಳದ ಮಾತು. ಬೋಜಪ್ಪ ನೆಲ ನೋಡಿದ. ಇನ್ನು ಹೊರಡುತ್ತೇನೆ ಅನ್ನುವವನಂತೆ ಅರ್ಧ ತಿರುಗಿದ.

"ಬೋಜಪ್ಪಣ್ಣ" ಅಂದಳು ವಿಮಲಮ್ಮ, ಹುಟ್ಟಿದಾಗಿನಿಂದ ಹಾಗೇ ಕರೆಯುತ್ತಿದ್ದವಳಂತೆ. "ಬಂದಿದ್ದೀರಿ, ಬುಡ ಹಿಡ್ಕೊಳ್ಳಿ. ಇವ್ರನ್ನ ಹಿಡಿಯೋಕೆ ನನ್ನೊಬ್ಬಳ ಕೈಲಿ ಆಗಲ್ಲ. ನಾನು ಕಾಫಿ ತರ್ತೀನಿ." ಅವಳು ಹೊರಟೇ ಹೋದಳು. ಗಂಡನನ್ನು ಏಣಿಯ ಜೊತೆ ಬಿಟ್ಟು ಹೋಗಲು ಅವಳಿಗೆ ಎಷ್ಟು ಕಷ್ಟವಾಯಿತೋ ಶಿವನೇ ಬಲ್ಲ. ತಿರುಗಿ ತಿರುಗಿ ನೋಡುತ್ತಲೇ ನಡೆದಳು.

ಚನ್ನಮಲ್ಲಪ್ಪ ಏಣಿ ಊರಿದ. ಬೋಜಪ್ಪ ಏನೂ ಕೇಳದೆ ಬಲಗಡೆಗೆ ಬಂದು ಕಿವಿಯಾನಿಸಿ ನಿಂತ. ಮೆಟ್ಟಿಲು ಮೇಲೆದ್ದಂತೆ ಎಡಗಡೆ ಟಕ್ ಅಂದಾಗ ಇವನು ಹೂಂ ಅನ್ನುವನು, ಬಲಗಡೆ ಅಂದಾಗ ಅವನು ಹೂಂ ಅನ್ನುವನು. ಕೊನೆಯ ಮೆಟ್ಟಿಲಿಗೆ ಇಬ್ಬರೂ ಉಸಿರು ಬಿಗಿಹಿಡಿದರು. ಟಕ್. ಟಕ್. "ಹೂಂ" ಅಂದ ಬೋಜಪ್ಪ, ಮತ್ತೊಮ್ಮೆ ಬೆರಳಿನಿಂದ ಪಿನ್ನು ಮುಟ್ಟಿ ನೋಡಿ. ಎರಡೂ ಕೈಯಿಂದ ಬುಡ ಹಿಡಿದು, ಒಂದು ಪಾದವನ್ನು ಅಡ್ಡ ಕೊಟ್ಟು ನಿಂತ, ಚಪ್ಪಲಿಯಿಲ್ಲದ ಪಾದ.

ಚನ್ನಮಲ್ಲಪ್ಪ ಹತ್ತಿದ. ಸೊಂಟ ಕಿರುಗುಟ್ಟಿತು, ಲೆಕ್ಕಿಸಲಿಲ್ಲ. ಏಣಿಯ ತುದಿಯನ್ನು ಮರಕ್ಕೆ ಹಗ್ಗದಿಂದ ಕಟ್ಟಿ, ಮೇಲಿನ ಮೂರು ಮೆಟ್ಟಿಲು ಬಿಟ್ಟು ನಿಂತ. ಮೆಣಸಿನ ಎಲೆಗಳ ನಡುವೆ ತಣ್ಣಗೆ ಗಾಳಿ ಬಂತು. ಆರು ವರ್ಷದಿಂದ ನೆನೆನೆನೆದು ಕೊರಗಿದ ಗಾಳಿ. ದಿಬ್ಬ ಕೆಳಗಿತ್ತು, ಬಿದಿರು ಕೆಳಗಿತ್ತು. ಹಳ್ಳದ ಆಚೆ ಬೋಜಪ್ಪನ ಮರ ನಿಚ್ಚಳವಾಗಿ ಕಂಡಿತು. ಒಂಟಿ ಏಣಿ ಹಾಗೇ ಒರಗಿತ್ತು, ಅರ್ಧ ಕೊಯ್ದ ಮೆಣಸಿನ ಚೀಲ ಕೊಂಬೆಗೆ ನೇತಾಡುತ್ತಿತ್ತು. ಮರದಲ್ಲಿ ಯಾರೂ ಇರಲಿಲ್ಲ.

ಆ ಖಾಲಿ ಮರದ ಕಡೆ ತಿರುಗಿ, ಎದೆ ತುಂಬ ಗಾಳಿ ಎಳೆದುಕೊಂಡು ಅವನು ಕೂಗಿದ. "ಕೂ..."

"ಏನೋ ಮಲ್ಲಪ್ಪಾ!" ಅಂತ ಉತ್ತರ ಬಂತು, ಅವನ ಕಾಲ ಕೆಳಗಿನಿಂದ.

ಚನ್ನಮಲ್ಲಪ್ಪ ಕೆಳಗೆ ನೋಡಲಿಲ್ಲ. ನೋಡಿದರೆ ಮತ್ತೆ ಮಾತು ನಿಂತುಹೋದೀತೆಂದು ಭಯ. ಏಣಿಯನ್ನು ಭದ್ರವಾಗಿ ಹಿಡಿದುಕೊಂಡು, ಎದುರಿನ ಮರವನ್ನೇ ನೋಡುತ್ತ, ಇಡೀ ಊರಿಗೆ ಕೇಳುವಷ್ಟು ಜೋರಾಗಿ ಕೂಗಿ ಹೇಳಿದ.

"ಆಸ್ಪತ್ರೆಗೆ ತಂದಿದ್ಯಲ್ಲ, ಆ ಕಿತ್ತಳೆ ಭಾರಿ ಸಿಹಿ ಇತ್ತು ಕಣೋ!"